ಭಾವನ ನಲವತ್ತು ಕುದುರೆ

ನಮ್ಮ ಭಾವ ಮತಾಂತರವಾದದ್ದು 2025ರ ಆಗಸ್ಟಿನಲ್ಲಿ, ಒಂದು ಶುಕ್ರವಾರ, ರಾಹುಕಾಲ ಕಳೆದ ಮೇಲೆ.

ಅದಕ್ಕೆ ಮುಂಚೆ ಇಪ್ಪತ್ತೊಂದು ವರ್ಷ ಅವರು ಬುಲೆಟ್ ಮತದವರು. ಅದೂ ಈಗಿನ ಬುಲೆಟ್ಟಲ್ಲ. 2004ರದು; ಎರಕದ ಕಬ್ಬಿಣದ ಎಂಜಿನ್ನು, ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು ಇದ್ದ ಮಡಿವಂತ ಗಾಡಿ. ಕುವೆಂಪುನಗರದ ಮನೆಯಿಂದ ಬ್ಯಾಂಕಿಗೆ ಅದರ ಮೇಲೆ ಹೊರಟರೆಂದರೆ ದಸರಾ ಅಂಬಾರಿ ಹೊರಟ ಹಾಗೆ. ಅವಸರ ಪಡುವ ಹಾಗಿಲ್ಲ, ಅತ್ತಿತ್ತ ನೋಡುವ ಹಾಗಿಲ್ಲ, ನಗುವುದಂತೂ ಕೂಡದು. ಬುಲೆಟ್ ಮೇಲೆ ಕೂತು ನಗುವವರನ್ನು ನೀವು ಕಂಡಿದ್ದೀರಾ? ನಾನು ಕಂಡಿಲ್ಲ. ಅದು ಗಾಡಿಗಿಂತ ಹೆಚ್ಚಾಗಿ ಒಂದು ಹುದ್ದೆ.

ಬೆಳಿಗ್ಗೆ ಅದನ್ನು ಎಬ್ಬಿಸುವುದೇ ಒಂದು ಸುಪ್ರಭಾತ ಸೇವೆ. ಪೆಟ್ರೋಲ್ ನಲ್ಲಿ ತಿರುಗಿಸಬೇಕು. ಕಿಕ್ಕರನ್ನು ಮೆಲ್ಲಗೆ ಒತ್ತುತ್ತಾ ಹ್ಯಾಂಡಲ್ ನಡುವಿನ ಆಮ್ಮೀಟರ್ ನೋಡಬೇಕು. ಸೂಜಿ ನಟ್ಟನಡುವೆ ಬಂದಾಗ ಎಡಗೈಯ ಡಿಕಂಪ್ರೆಷನ್ ಲಿವರ್ ಹಿಡಿದು ಕಿಕ್ಕರನ್ನು ಒಂದಿಷ್ಟೇ ಕೆಳಗೆ ತಳ್ಳಬೇಕು, ಲಿವರ್ ಬಿಡಬೇಕು, ಕಿಕ್ಕರ್ ಮೇಲೆ ಬರಗೊಡಬೇಕು, ಆಮೇಲೆ ಮೈಭಾರವನ್ನೆಲ್ಲ ಹಾಕಬೇಕು. ಸೂಜಿ ನಡುವೆ ಬರುವವರೆಗೆ ಭಾವ ಉಸಿರು ಬಿಡುತ್ತಿರಲಿಲ್ಲ. ಎದುರು ಮನೆಯ ಜಗುಲಿಯಲ್ಲಿ ಕಾಫಿ ಹಿಡಿದು ನಿಂತ ನಾನೂ ಬಿಡುತ್ತಿರಲಿಲ್ಲ. ಆಮೇಲೆ ಡುಗ್... ಡುಗ್... ಎರಡು ಡುಗ್ಗಿನ ನಡುವೆ ಒಂದು ವೀಳ್ಯ ಮಡಿಸಬಹುದು.

ಆ ಸದ್ದಿಗೊಂದು ಗೃಹಕೃತ್ಯದ ಉಪಯೋಗವೂ ಇತ್ತು. ಸಂಜೆ ಅದು ಪಾರ್ಕಿನ ಮೂಲೆಯಲ್ಲಿ ಕೇಳಿಸಿದರೆ ಅಕ್ಕ ಕಾವಲಿಯನ್ನು ಒಲೆಗಿಡುತ್ತಿದ್ದಳು. ಭಾವ ಗೇಟು ತೆಗೆದು, ಸ್ಟ್ಯಾಂಡ್ ಹಾಕಿ, ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲನೇ ದೋಸೆ ತಟ್ಟೆಗೆ. ಇಪ್ಪತ್ತೊಂದು ವರ್ಷದಲ್ಲಿ ಈ ಲೆಕ್ಕ ತಪ್ಪಿದ್ದೇ ಇಲ್ಲ.

ಇಂಥವರು ಕೆಟ್ಟದ್ದು ನನ್ನ ಮಗನ ದೆಸೆಯಿಂದ. ಹುಡುಗನಿಗೆ ಬೈಕು ನೋಡೋಣ, ಜೊತೆಗೆ ತಿಳಿದವರೊಬ್ಬರು ಇರಲಿ ಅಂತ ಭಾವನನ್ನು ಷೋರೂಮಿಗೆ ಕರೆದುಕೊಂಡು ಹೋದೆ. ಟ್ರಯಂಫ್ ಸ್ಪೀಡ್ 400. ಮಗ ಒಂದು ಸುತ್ತು ಓಡಿಸಿ ಬಂದು ಚೆನ್ನಾಗಿದೆ ಅಂದ. “ತಾಳು, ಬಂದೋಬಸ್ತು ಹೇಗಿದೆ ನೋಡ್ತೀನಿ” ಎಂದು ಭಾವ ಹತ್ತಿದರು. ಹತ್ತು ನಿಮಿಷದ ಟೆಸ್ಟ್ ರೈಡು ನಲವತ್ತು ನಿಮಿಷವಾಯಿತು. ಷೋರೂಮಿನ ಹುಡುಗ ಮೊದಲು ಬಾಗಿಲಿಗೆ ಬಂದ, ಆಮೇಲೆ ಗೇಟಿಗೆ ಬಂದ, ಆಮೇಲೆ ರಸ್ತೆಗಿಳಿದು ಎರಡೂ ಕಡೆ ನೋಡತೊಡಗಿದ. ಕೊನೆಗೆ ಬಂದರು. ಹೆಲ್ಮೆಟ್ ತೆಗೆದರೆ ಉಳಿದಿದ್ದ ಕೂದಲೆಲ್ಲ ನೆಟ್ಟಗೆ ನಿಂತಿತ್ತು. ಮತ್ತೆ, ಭಾವ ನಗುತ್ತಿದ್ದರು. ಮೀಸೆಯ ಕೆಳಗೆ ಅಷ್ಟು ಹಲ್ಲಿವೆ ಅಂತ ನನಗೆ ಗೊತ್ತಾದದ್ದೇ ಅವತ್ತು.

ಮಗನ ಹೆಗಲ ಮೇಲೆ ಕೈಹಾಕಿ, “ನಿನ್ನ ವಯಸ್ಸಿಗೆ ಇದು ಬೇಡ ಕಣಪ್ಪ. ಪವರ್ರು ಜಾಸ್ತಿ” ಎಂದರು.

ಮಗ ಈಗಲೂ ಸಿಟಿ ಬಸ್ಸಿನಲ್ಲೇ ಕಾಲೇಜಿಗೆ ಹೋಗುತ್ತಿದ್ದಾನೆ.

ಗಾಡಿ ಬಂದ ದಿನ ಪೂಜೆಯಾಯಿತು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಬುಲೆಟ್ಟಾಗಿದ್ದರೆ ಸಂಕಲ್ಪ ಮಾಡಿಕೊಂಡು, ಕುಲದೇವರನ್ನು ನೆನೆದು, ಆಮೇಲೆ ಹೊರಡುತ್ತಿತ್ತು. ಇದು ಭಾವ ಕ್ಲಚ್ ಬಿಟ್ಟದ್ದೇ ತಡ, ನಿಂಬೆಹಣ್ಣನ್ನೂ ದಾಟಿ, ಪುರೋಹಿತರನ್ನೂ ದಾಟಿ, ರಸ್ತೆಯಾಚೆ ಎಳನೀರಿನ ಗಾಡಿಯ ಹತ್ತಿರ ನಿಂತಿತು. ಎಳನೀರಿನವನು ಕೇಳದೆಯೇ ಒಂದು ಕೊಚ್ಚಿ ಕೊಟ್ಟ.

ಹೊಸದರಲ್ಲಿ ಅಗಸ ಗೋಣಿಯನ್ನೂ ಎತ್ತೆತ್ತಿ ಒಗೆದನಂತೆ. ಹೊಸ ಬೈಕು ತಗೊಂಡ ಗಂಡಸಿನ ಮುಂದೆ ಅಗಸ ಏನೂ ಅಲ್ಲ. ಅದರಲ್ಲೂ ಭಾವ ಬ್ಯಾಂಕಿನವರು, ಭಕ್ತಿಗೂ ಲೆಕ್ಕ ಬೇಕು. “ನೋಡೋ, ಬುಲೆಟ್ಟು 346 ಸಿಸಿ, ಹದಿನೆಂಟು ಕುದುರೆ. ಇದು 398, ನಲವತ್ತು ಕುದುರೆ. ಅಂದ್ರೆ ಐವತ್ತೆರಡು ಸಿಸಿ ಹೆಚ್ಚಿಗೆ ಇಟ್ಟಿದ್ದಕ್ಕೆ ಇಪ್ಪತ್ತೆರಡು ಕುದುರೆ ಬಡ್ಡಿ. ಯಾವ ಬ್ಯಾಂಕ್ ಕೊಡುತ್ತೆ ಹೇಳು?” ಇದನ್ನು ನನಗೆ ಹೇಳಿದರು, ಹಾಲಿನವನಿಗೆ ಹೇಳಿದರು, ಪೆನ್ಷನ್ ತಗೊಳ್ಳಲು ಬಂದ ಅಜ್ಜಿಯೊಬ್ಬರಿಗೂ ಹೇಳಿದರಂತೆ. ಅಜ್ಜಿ ತಮ್ಮ ಎಫ್‌ಡಿ ದರ ಏರಿತೆಂದು ಸಂತೋಷಪಟ್ಟು ಹೋದರು.

ಅಷ್ಟು ಕುದುರೆ ಎಲ್ಲಿಂದ ಬಂತು ಅನ್ನುವುದನ್ನು ಅಕ್ಕನಿಗೆ ಅಡುಗೆಮನೆಯಲ್ಲೇ ವಿವರಿಸಿದರು. ಬುಲೆಟ್ಟಿನ ಸಿಲಿಂಡರಿನ ಅಗಲ 70 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 90. ಕಿರಿದಾದ ಆಳದ ಒರಳು, ಉದ್ದನೆ ಒನಕೆ. ಎತ್ತಿ ಹಾಕುವುದಕ್ಕೆ ಹೊತ್ತು ಬೇಕು, ಬಿದ್ದರೆ ಧಡ್ ಅನ್ನುತ್ತದೆ. ಇದರದು ತಿರುಗುಮುರುಗು, ಅಗಲ 89, ಓಡಾಟ 64. ದೂರ ಕಡಿಮೆ, ಆದ್ದರಿಂದ ನಿಮಿಷಕ್ಕೆ ಎಂಟು ಸಾವಿರ ಸುತ್ತು ತಿರುಗಿದರೂ ಏದುಸಿರಿಲ್ಲ. ನಾಲ್ಕು ವಾಲ್ವು, ಮೈ ತಂಪಾಗಿಡಲು ನೀರಿನ ವ್ಯವಸ್ಥೆ. “ಅದು ಒರಳು, ಇದು ಮಿಕ್ಸಿ ಅಂತ ಇಟ್ಕೋ.”

“ಒರಳಲ್ಲಿ ರುಬ್ಬಿದ ಚಟ್ನೀನೇ ರುಚಿ” ಎಂದಳು ಅಕ್ಕ, ಹಿಂದಿರುಗಿ ನೋಡದೆ.

ಭಾವ ಬಿಡಲಿಲ್ಲ. ಜಾರುವ ರಸ್ತೆಯಲ್ಲಿ ಹಿಂದಿನ ಚಕ್ರ ವಿಪರೀತ ತಿರುಗಿದರೆ ತಾನೇ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲು ಕೂಡ ಇದೆ ಎಂದರು. ನಾಲಿಗೆಗೂ ಒಂದು ಹಾಕಿ ಕೊಡ್ತಾರಾ ಕೇಳಬೇಕಿತ್ತು ಎಂದಳು. ಇದನ್ನು ಮಿಡ್ಲ್‌ವೇಟ್ ಅಂತಾರೆ ಎಂದರು. ಆಗ ಮಾತ್ರ ಹಿಂದಿರುಗಿದ ಅಕ್ಕ ಅವರ ಹೊಟ್ಟೆಯನ್ನೊಮ್ಮೆ ನೋಡಿ, “ಗಾಡಿನೋ, ಸವಾರರೋ?” ಎಂದಳು.

ಹೊಸ ಬೈಕು ತಗೊಂಡ ಜಾತಿಯವರನ್ನು ಗುರುತಿಸುವುದು ಸುಲಭ. ಗಾಡಿ ನಿಲ್ಲಿಸಿ ಹತ್ತು ಹೆಜ್ಜೆ ನಡೆದು ತಿರುಗಿ ನೋಡುತ್ತಾರೆ. ಇನ್ನೈದು ಹೆಜ್ಜೆಗೆ ಮತ್ತೆ. ಮಗಳನ್ನು ಗಂಡನ ಮನೆಗೆ ಬಿಟ್ಟು ಬರುವಾಗಲೂ ಭಾವ ಇಷ್ಟು ಸಲ ತಿರುಗಿ ನೋಡಿರಲಿಲ್ಲ. ಅವರ ಬನಿಯನ್ನುಗಳು ಅಕಾಲದಲ್ಲಿ ಹಳೆಯವಾಗಿ ಒರೆಸುವ ಬಟ್ಟೆಯಾಗುತ್ತವೆ. ಮನೆಯ ಕೆಲಸಕ್ಕೆ ಇದ್ದಕ್ಕಿದ್ದಂತೆ ಉತ್ಸಾಹ ಬರುತ್ತದೆ. ಮೊದಲ ಸಾವಿರ ಕಿಲೋಮೀಟರು ಮೆತ್ತಗೆ ಓಡಿಸಿ ಮುಗಿಸಬೇಕಲ್ಲ! ಕರಿಬೇವು ತರಲು ಶ್ರೀರಂಗಪಟ್ಟಣಕ್ಕೆ ಹೋದರು. ಬಾಳೆಹಣ್ಣು ಮುಗಿದಿದೆ ಅಂದರೆ ನಂಜನಗೂಡಿಗೆ. ರಸಬಾಳೆ ಹುಟ್ಟಿದ ಊರಿಗೇ ಹೋಗಿ ತರುವುದು ಕ್ರಮವಂತೆ. ಅಷ್ಟು ಹೊತ್ತೂ ಅಕ್ಕನ ಒಗ್ಗರಣೆ ಕಾಯುತ್ತಿತ್ತು.

ತಲೆ ಮತಾಂತರವಾಗಿತ್ತು ನಿಜ, ಕಾಲು ಆಗಿರಲಿಲ್ಲ. ಹೊಸ ಗಾಡಿಗೆ ಎಲ್ಲರ ಗಾಡಿಯಂತೆ ಎಡಕ್ಕೆ ಗೇರು, ಬಲಕ್ಕೆ ಬ್ರೇಕು. ಬಲ್ಲಾಳ್ ಸರ್ಕಲ್ಲಿನಲ್ಲಿ ಕೆಂಪು ದೀಪ ಬಿದ್ದರೆ ಭಾವನ ಎಡಗಾಲು ಪೂರ್ವಾಶ್ರಮದ ಬ್ರೇಕನ್ನು ಹುಡುಕಿ ಒತ್ತುತ್ತಿತ್ತು. ಗೇರು ಒಂದಿಳಿದು ಗಾಡಿ ಗುರ್ ಅನ್ನುತ್ತಿತ್ತು. ಪಕ್ಕದಲ್ಲಿ ನಿಂತ ಕಾಲೇಜು ಹುಡುಗರು ಅದನ್ನು ಸವಾಲೆಂದು ತಿಳಿದು ತಾವೂ ಗುರ್ ಅನ್ನಿಸುತ್ತಿದ್ದರು. ಭಾವ ನಾಚಿಕೊಂಡು ಹೆಲ್ಮೆಟ್ಟಿನ ಗಾಜು ಇಳಿಸುತ್ತಿದ್ದರು. ಹುಡುಗರ ಕಣ್ಣಿಗೆ ಅದೂ ಸವಾಲೇ.

ಮೈಸೂರಿನಲ್ಲಿ ಬೈಕಿನ ವಿಷಯ ಮಾತಾಡುವುದು ಕಾಶಿಯಲ್ಲಿ ನಿಂತು ಗಂಗೆಯ ವಿಷಯ ಮಾತಾಡಿದ ಹಾಗೆ. ಯಾರೋ ಒಬ್ಬರು ಹಳಬರು ಕೇಳಿಸಿಕೊಳ್ಳುತ್ತಲೇ ಇರುತ್ತಾರೆ. ನಮ್ಮ ಬೀದಿಯ ಕೊನೆ ಮನೆಯ ಯಜಮಾನರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅವರ ಪಾಲಿಗೆ ಶಿಫ್ಟು ಮುಗಿದಿಲ್ಲ. ಭಾವ “ಇದು ಇಂಗ್ಲೆಂಡಿನ ಹೆಸರು ಸಾರ್” ಎಂದು ಶುರುಮಾಡಿದರು. “ನಿಮ್ಮ ಬುಲೆಟ್ಟೂ ಇಂಗ್ಲೆಂಡಿನದೇ, ರೆಡಿಚ್ ಅಂತ ಊರು. ಅದು ಆಮೇಲೆ ಮದರಾಸಿನಲ್ಲಿ ಆಯ್ತು, ಇದು ಪುಣೆ ಹತ್ರ ಚಾಕಣದಲ್ಲಿ ಬಜಾಜಿನವರು ಮಾಡೋದು. ಒಂದು ಪರದೇಶಿ ಬಿಟ್ಟು ಇನ್ನೊಂದು ಪರದೇಶಿ ಹಿಡಿದ್ರಿ, ಅಷ್ಟೆ” ಎಂದರು ಯಜಮಾನರು. ಜಾವಾ ಕೂಡ ಜೆಕ್ ದೇಶದ್ದಲ್ಲವೇ ಎಂದು ನಾನು ಬಾಯಿ ಹಾಕಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ, ಯೆಜ್ಡಿಯಲ್ಲಿ ಕಿಕ್ಕರು, ಗೇರು ಎರಡಕ್ಕೂ ಒಂದೇ ಲಿವರು, ಮಡಿಸಿದರೆ ಗೇರು, ಎತ್ತಿದರೆ ಕಿಕ್ಕರು, ಹಾಗೆ ಯೋಚನೆ ಮಾಡುವ ತಲೆ ಈಗೆಲ್ಲಿದೆ ಎಂದು ಕೇಳಿ ಒಳಗೆ ಹೋದರು. ಅವರ ಮುಂದೆ ಭಾವನ ಆರು ಗೇರೂ ನ್ಯೂಟ್ರಲ್ಲಿಗೆ ಬಂದವು.

ಇದರ ಮೇಲೆ ಜಿಎಸ್‌ಟಿ. ಸೆಪ್ಟೆಂಬರ್ 22, ನವರಾತ್ರಿಯ ಮೊದಲ ದಿನ, 350 ಸಿಸಿವರೆಗಿನ ಬೈಕುಗಳಿಗೆ ತೆರಿಗೆ 28ರಿಂದ 18ಕ್ಕೆ ಇಳಿಯಿತು, ಅದಕ್ಕೂ ಮೇಲಿನವಕ್ಕೆ 40 ಆಯಿತು. ಕೂದಲೆಳೆಯಲ್ಲಿ ಬುಲೆಟ್ಟು ಪುಣ್ಯವಂತರ ಸಾಲಿಗೆ ಸೇರಿತು. ಭಾವನಿಗೆ ಬೇಜಾರಾದೀತೆಂದು ಸಮಾಧಾನ ಹೇಳಲು ಹೋದರೆ ಅವರು ಸಿಹಿ ಹಂಚುತ್ತಿದ್ದರು. “ಕುದುರೆಗೆ ಒಂದರಂತೆ ನಲವತ್ತು ಪರ್ಸೆಂಟು! ಇದು ಸಾಮಾನ್ಯರ ಗಾಡಿ ಅಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗಾಯ್ತು.”

ಹಳೇ ಬುಲೆಟ್ಟಿಗೆ ಗಿರಾಕಿ ಬಂದ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ, ಇಪ್ಪತ್ತಾರು ವರ್ಷ, ಎದೆಯವರೆಗೆ ಗಡ್ಡ. ಚೌಕಾಸಿಯನ್ನೇ ಮಾಡಲಿಲ್ಲ. “ಅಂಕಲ್, ಬಲಗಡೆ ಗೇರಿನದೇ ಬೇಕು ಅಂತ ಎರಡು ವರ್ಷದಿಂದ ಹುಡುಕ್ತಿದೀನಿ” ಎಂದು ಟ್ಯಾಂಕಿನ ಮೇಲೆ ಕೈಯಾಡಿಸಿದ. ಭಾವ ಅವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಸೂಜಿಯ ಮಂತ್ರೋಪದೇಶ ಮಾಡಿದರು. ಹುಡುಗ ಹದಿನಾಲ್ಕು ಸಲ ಒದ್ದ. ಹದಿನೈದನೆಯದು ಹತ್ತಿಕೊಂಡಾಗ ಅವನ ಕಣ್ಣಲ್ಲಿ ನೀರು. ಭಕ್ತಿಯೋ ಮೀನಖಂಡದ ನೋವೋ ತಿಳಿಯಲಿಲ್ಲ. ಡುಗ್ ಡುಗ್ ಬೀದಿ ತಿರುಗಿ ಮರೆಯಾಯಿತು. ಭಾವನೂ ಅಳುತ್ತಾರೇನೋ ಎಂದು ನಾನು ಒಂದು ಹೆಜ್ಜೆ ದೂರ ನಿಂತೆ. ಅವರು ಒಳಗೆ ಹೋಗಿ ಅಕ್ಕನಿಗೆ ಹೇಳಿದರು: “ಪಾಪ ಕಣೇ, ಈ ವಯಸ್ಸಿಗೇ ಮುದುಕ ಆಗ್ಬಿಟ್ಟಿದಾನೆ.”

ನನ್ನನ್ನು ಮದ್ದೂರಿಗೆ ವಡೆ ತಿನ್ನಲು ಕರೆದೊಯ್ದದ್ದು ಒಂದು ಭಾನುವಾರ. ಭಾವನಿಗೆ ಜಾಕೆಟ್ಟು, ಮೊಣಕೈಗೆ ಕವಚ, ಮೊಣಕಾಲಿಗೆ ಕವಚ. ಅಕ್ಕ ಕರಡಿ ವೇಷ ಅಂದಳು. ಕವಚಧಾರಿಗೆ ಒಂದು ವಿಷಯ ಮರೆತುಹೋಗಿತ್ತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ನಡುವಿನ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕುಗಳು ಹತ್ತುವಂತಿಲ್ಲ. ಬೇಲಿಯಾಚೆ ಕಾರುಗಳು ಸುಯ್ಯೆಂದು ಹೋಗುತ್ತಿದ್ದರೆ ನಾವು ಸರ್ವಿಸ್ ರಸ್ತೆಯಲ್ಲಿ, ಮಂಡ್ಯದ ಕಡೆ ಹೊರಟ ಕಬ್ಬಿನ ಗಾಡಿಯೊಂದರ ಹಿಂದೆ. ಎರಡು ಎತ್ತಿನ ಹಿಂದೆ ನಲವತ್ತು ಕುದುರೆ. ಗಾಡಿಯ ಮೇಲೆ ಕೂತ ಹುಡುಗ ಕಬ್ಬಿನ ಜಲ್ಲೆ ಕಡಿಯುತ್ತಾ ಭಾವನ ಕವಚಗಳನ್ನು ಒಂದೊಂದಾಗಿ ಎಣಿಸುತ್ತಿದ್ದ.

ಆಮೇಲೆ ರಸ್ತೆ ಖಾಲಿಯಾಯಿತು. ಭಾವ ಮಣಿಕಟ್ಟನ್ನು ಒಂದು ಚೂರು ತಿರುಗಿಸಿದರು, ಅಷ್ಟೇ. ಕಬ್ಬಿನ ಗಾಡಿ ಕನ್ನಡಿಯಲ್ಲಿ ಚುಕ್ಕಿಯಾಯಿತು. ನನ್ನ ಹೊಟ್ಟೆ ಅಲ್ಲೇ ಎತ್ತುಗಳ ಹತ್ತಿರ ಉಳಿದು, ಮದ್ದೂರಿನಲ್ಲಿ ವಡೆ ಬರುವ ಹೊತ್ತಿಗೆ ಬಂದು ಸೇರಿಕೊಂಡಿತು.

ಆದರೂ ಸುಳ್ಳು ಹೇಳಬಾರದು. ಇನ್ನೊಂದು ದಿನ ಬೆಳಗಿನ ಜಾವ ಚಾಮುಂಡಿ ಬೆಟ್ಟಕ್ಕೆ ಹಿಂದೆ ಕೂತು ಹೋದೆ. ಬುಲೆಟ್ಟಿನಲ್ಲಿ ತಿರುವು ಬಂದರೆ ಅರ್ಜಿ ಕೊಟ್ಟು ಅನುಮತಿ ಪಡೆದು ತಿರುಗಿಸುತ್ತಿದ್ದ ಭಾವ, ಇದರಲ್ಲಿ ಸುಮ್ಮನೆ ಆ ಕಡೆ ನೋಡುತ್ತಿದ್ದರು. ಗಾಡಿ ನೋಡಿದ ಕಡೆ ಒಲೆಯುತ್ತಿತ್ತು. ಒಂದು ತಿರುವಿನಿಂದ ಇನ್ನೊಂದಕ್ಕೆ ಉಯ್ಯಾಲೆ ಜೀಕಿದ ಹಾಗೆ. ಕೆಳಗೆ ಮಂಜಿನಲ್ಲಿ ಲಲಿತಮಹಲಿನ ಬಿಳಿ ಗುಮ್ಮಟ ಒಮ್ಮೆ ಎಡಕ್ಕೆ ಬಂತು, ಒಮ್ಮೆ ಬಲಕ್ಕೆ ಬಂತು. ಹೆಲ್ಮೆಟ್ಟಿನೊಳಗಿಂದ ಏನೋ ಸದ್ದು ಕೇಳಿಸಿ ಭಾವನಿಗೆ ಕೆಮ್ಮು ಹತ್ತಿತೇ ಎಂದು ಹೆದರಿದೆ. ಗಟ್ಟಿಯಾಗಿ ನಗುತ್ತಿದ್ದರು. ಐವತ್ತೆರಡು ವರ್ಷದ ಗಂಡಸು, ಡೆಪ್ಯುಟಿ ಮ್ಯಾನೇಜರು, ಬೆಳಿಗ್ಗೆ ಆರು ಗಂಟೆಗೆ, ಯಾರೂ ಜೋಕು ಹೇಳದೆ.

ಮನೆಯಲ್ಲಿ ಮಾತ್ರ ದೋಸೆಯ ತಂತಿ ಕಡಿದುಹೋಗಿತ್ತು. ಹೊಸ ಗಾಡಿ ಪಾರ್ಕಿನ ಮೂಲೆಯಲ್ಲಿ ಕೇಳಿಸುವುದೇ ಇಲ್ಲ. ಅಕ್ಕ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರೆ ಭಾವ ಆಗಲೇ ತಟ್ಟೆಯ ಮುಂದೆ. ಕಾವಲಿ ತಣ್ಣಗೆ, ಹಿಟ್ಟು ಫ್ರಿಜ್ಜಿನಲ್ಲಿ. ಎರಡು ವಾರ ಉಪ್ಪಿಟ್ಟೇ ಆಯಿತು. “ಸದ್ದಿಲ್ಲದೆ ಮನೆಗೆ ಬರೋ ಗಂಡಸನ್ನ ನಂಬೋದು ಹೇಗೆ?” ಎಂದು ನನ್ನನ್ನೇ ಕೇಳಿದಳು. ಆ ಗಾಡಿ ಹತ್ತುವುದಿಲ್ಲ ಎಂದು ಶಪಥವನ್ನೂ ಮಾಡಿದ್ದಳು. ಹಿಂದಿನ ಸೀಟು ಅಟ್ಟದ ಮೇಲಿದ್ದ ಹಾಗಿದೆ, ಏಣಿ ಕೊಡಿ ಅಂತ.

ಕಾರ್ತಿಕದ ಒಂದು ಗುರುವಾರ ಸಂಜೆ ಶಪಥ ಮುರಿಯಬೇಕಾಯಿತು. ಮರುದಿನದ ಪೂಜೆಗೆ ಸೇವಂತಿಗೆ ಇಲ್ಲ, ಆಟೋ ಸಿಗುತ್ತಿಲ್ಲ, ದೇವರಾಜ ಮಾರುಕಟ್ಟೆಗೆ ಹೋಗಲೇಬೇಕು. ಅಕ್ಕ ಟೂರಿಗೆ ಮಾತ್ರ ಹಾಕುವ ಚೂಡಿದಾರ ತೊಟ್ಟು, ಭಾವನ ಹಳೇ ಹೆಲ್ಮೆಟ್ ಹಾಕಿಕೊಂಡು, ನಮ್ಮ ಕಾಂಪೌಂಡಿನ ಕಟ್ಟೆ ಹತ್ತಿ, ಅಲ್ಲಿಂದ ಸೀಟಿಗೆ ವರ್ಗಾವಣೆಯಾದಳು. “ಮೆತ್ತಗೆ ಹೋಗಿ” ಎಂದದ್ದು ಬೀದಿಗೆಲ್ಲ ಕೇಳಿಸಿತು. ಅರ್ಧ ಗಂಟೆಯ ಕೆಲಸ.

ಒಂದೂಮುಕ್ಕಾಲು ಗಂಟೆಯಾದರೂ ಸುಳಿವಿಲ್ಲ. ನಾನು ಫೋನು ಮಾಡಿದೆ, ಎತ್ತಲಿಲ್ಲ. ಕೊನೆಗೆ ಎಂಟೂವರೆಗೆ ಬಂದರು, ಎಂದಿನಂತೆ ಸದ್ದಿಲ್ಲದೆ. ಅಕ್ಕ ಕಟ್ಟೆಯ ಸಹಾಯವಿಲ್ಲದೆ ಇಳಿದಳು. ಜಡೆ ಬಿಚ್ಚಿಹೋಗಿತ್ತು, ಮೂಗು ಕೆಂಪಗಾಗಿತ್ತು, ರಿಂಗ್ ರೋಡಿನ ಧೂಳೆಲ್ಲ ಹುಬ್ಬಿನ ಮೇಲಿತ್ತು.

“ಹೂವೆಲ್ಲಕ್ಕಾ?” ಎಂದೆ.

ಅಕ್ಕ ತನ್ನ ಖಾಲಿ ಕೈ ನೋಡಿಕೊಂಡಳು. ಆಮೇಲೆ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಳ್ಳುತ್ತಾ ಅಂದಳು:

“ರೀ, ತಿರುಗಿಸಿ ಗಾಡೀನ.”