ಟಾರು ಕಾಣದ ಏರಿಯೊಡನೆ ಒಂದು ಸಂದರ್ಶನ

ಮಂತ್ರಿಮಹೋದಯರನ್ನೂ ಜನನಾಯಕರನ್ನೂ ಕಂಡು, ಅವರು ಆಡಿದುದನ್ನೂ ಆಡಬೇಕೆಂದಿದ್ದು ಮರೆತುದನ್ನೂ ಕೂಡಿಸಿ ಬರೆಯುವ ಕಲೆ ನಮ್ಮ ಪತ್ರಿಕೆಗಳಲ್ಲಿ ಸಮೃದ್ಧವಾಗಿ ಬೆಳೆದಿರುವುದಷ್ಟೆ. ಆದರೆ ಅವರೆಲ್ಲರ ಭಾರವನ್ನು ಮೌನವಾಗಿ ಹೊತ್ತಿರುವ ನೆಲವನ್ನು ಮಾತನಾಡಿಸುವ ಸೌಜನ್ಯವನ್ನು ತೋರಿದವರು ವಿರಳ. ಇಂಗ್ಲೆಂಡಿನ ಗ್ರಾಮಾಂತರದಲ್ಲಿ ಮೋಟಾರುಗಳ ಸುಳಿವಿಲ್ಲದ ಹಾದಿಗಳ ಮೇಲೆ ದಿನಗಟ್ಟಲೆ ಸೈಕಲ್ ತುಳಿಯುತ್ತ ವಿಹರಿಸಬಹುದೆಂದೂ, ಅಂತಹ ಭಾಗ್ಯ ನಮ್ಮ ಸೀಮೆಗೆ ಏಳೇಳು ಜನ್ಮಕ್ಕೂ ಬಾರದೆಂದೂ ವಿದೇಶಯಾತ್ರೆ ಮುಗಿಸಿ ಬಂದ ಮಿತ್ರರು ಹೋದಹೋದಲ್ಲಿ ಹೇಳುವುದನ್ನು ಕೇಳಿ ಬೇಸತ್ತು, ಹೊನ್ನಾಳಿಯ ಸೇತುವೆಯನ್ನು ದಾಟಿ ತುಂಗಭದ್ರೆಯ ಬಲದಂಡೆಗೆ ಹೋಗಿ, ಸಾಸ್ವೆಹಳ್ಳಿ ಹೋಬಳಿಯ ಗದ್ದೆಬಯಲಿನಲ್ಲಿ ಮೈಚಾಚಿರುವ ಭದ್ರಾ ಚಾನಲ್ಲಿನ ಏರಿಯನ್ನು ಸಂದರ್ಶಿಸಿದೆನು. ಟಾರಿನ ಸೋಂಕಿಲ್ಲದ, ಎರಡು ಗಾಲಿಜಾಡುಗಳ ನಡುವೆ ಗರಿಕೆ ಬೆಳೆದಿರುವ ಈ ವಯೋವೃದ್ಧೆ ಮಾತಿಗೆ ಬೇಗ ಒಲಿಯಲಿಲ್ಲ. ಒಲಿದ ಮೇಲೆ ನಿಲ್ಲಿಸಲೂ ಇಲ್ಲ.

ಪ್ರಶ್ನೆ: ತಮ್ಮ ಜನ್ಮವೃತ್ತಾಂತವನ್ನು ಓದುಗರಿಗೆ ಅರುಹಬೇಕು.

ಏರಿ: ಸ್ವಾಮಿ, ನಾನು ಯಾರ ಸಂಕಲ್ಪದಿಂದಲೂ ಹುಟ್ಟಿದವಳಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದ ಕಾಲದಲ್ಲಿ ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆ ಕಟ್ಟಲು ತೊಡಗಿದರು; ಬಲದಂಡೆಯಲ್ಲಿ 103 ಕಿಲೋಮೀಟರಿನ ನಾಲೆಯನ್ನೂ ಅದಕ್ಕೆ ಶಾಖೆಗಳನ್ನೂ ಉಪಶಾಖೆಗಳನ್ನೂ ತೋಡಿದರು; ತೋಡಿದ ಮಣ್ಣನ್ನು ಎಲ್ಲಿಗಾದರೂ ಹಾಕಬೇಕಲ್ಲ, ಪಕ್ಕಕ್ಕೆ ಹಾಕಿದರು. ಹಾಗೆ ಪಕ್ಕಕ್ಕೆ ಬಿದ್ದುದೇ ನಾನು. ಇಂಜಿನಿಯರವರ ಜೀಪು ಹಾಯಲಿ ಎಂದು ನೆತ್ತಿಯನ್ನು ತಟ್ಟಿ ಸಮಮಾಡಿದರು. ಜೀಪು ಬರುವುದೂ ಉಂಟು: ನೀರು ಬಿಡುವ ಮುನ್ನ ಒಮ್ಮೆ, ಕೊನೆಭಾಗದ ರೈತರು ನೀರು ಮುಟ್ಟಲಿಲ್ಲವೆಂದು ಧರಣಿ ಕುಳಿತ ಬಳಿಕ ಇನ್ನೊಮ್ಮೆ. ನಡುವಿನ ದಿನಗಳಲ್ಲೆಲ್ಲ ನನ್ನ ಮೇಲೆ ಸಂಚರಿಸಿದ ಸರ್ಕಾರವೆಂದರೆ ತೂಬಿನ ಗೇಟು ಎತ್ತಿ ಇಳಿಸುವ ಸೌಡಿಯ ಸೈಕಲ್ಲೊಂದೇ.

ಪ್ರಶ್ನೆ: ತಮ್ಮ ಕಾಲದಲ್ಲಿ ಆಡಳಿತದಲ್ಲಿ ಮಹತ್ತರವಾದ ಪರಿವರ್ತನೆಗಳಾದುವಲ್ಲವೆ?

ಏರಿ: ಆಗದೆ ಏನು. 1997ರಲ್ಲಿ ಹೊನ್ನಾಳಿ ಚನ್ನಗಿರಿಗಳನ್ನು ಶಿವಮೊಗ್ಗೆಯಿಂದ ಬಿಡಿಸಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. ಅನಂತರ ನ್ಯಾಮತಿಯನ್ನು ಹೊನ್ನಾಳಿಯಿಂದ ಬಿಡಿಸಿ ಬೇರೆ ತಾಲ್ಲೂಕು ಮಾಡಿದರು. ನನ್ನ ಮೈಮೇಲಿನ ಗುಂಡಿಗಳು ಮಾತ್ರ ಯಾವ ಜಿಲ್ಲೆಗೂ ವರ್ಗವಾಗದೆ ಇದ್ದಲ್ಲಿಯೇ ಸೇವೆ ಸಲ್ಲಿಸುತ್ತಿವೆ.

ಪ್ರಶ್ನೆ: ಇಂಗ್ಲೆಂಡಿನ ವಿಷಯ ತಮ್ಮ ಕಿವಿಗೆ ಬಿದ್ದಿದೆಯೆ? ಅಲ್ಲಿ 1963ರಲ್ಲಿ ಬೀಚಿಂಗ್ ಎಂಬ ಮಹನೀಯರು (ನಮ್ಮ ಹರಪನಹಳ್ಳಿಯ ಹಾಸ್ಯಲೇಖಕ ಬೀಚಿಯವರಲ್ಲ; ಅವರು ಜನರನ್ನು ನಗಿಸಿದವರು, ಇವರು ಅಳುವಂತೆ ಮಾಡಿದವರು) ಲಾಭವಿಲ್ಲದ ರೈಲುಮಾರ್ಗಗಳನ್ನು ಮುಚ್ಚತಕ್ಕದ್ದೆಂದು ವರದಿ ಕೊಟ್ಟರು. ಸಾವಿರಾರು ಮೈಲಿಗಳ ಹಳಿ ಕಿತ್ತುಹೋಯಿತು. 1977ರಲ್ಲಿ ಬ್ರಿಸ್ಟಲ್ ನಗರದ ಕೆಲವು ಸೈಕಲ್‌ಪ್ರಿಯರು ಕೂಡಿ ಒಂದು ಸಂಘ ಕಟ್ಟಿ, ಅಲ್ಲಿಂದ ಬಾತ್ ನಗರದವರೆಗೆ ಪಾಳುಬಿದ್ದಿದ್ದ ರೈಲುದಾರಿಯನ್ನು ತಾವೇ ಸಲಿಕೆ ಹಿಡಿದು ಹಸನುಗೊಳಿಸತೊಡಗಿ, 1986ರ ವೇಳೆಗೆ 13 ಮೈಲಿಗಳ ಸೈಕಲ್ ಮಾರ್ಗವನ್ನು ಪೂರೈಸಿದರು. ಡಾರ್ಬಿಶೈರಿನ ಬೆಟ್ಟಗಳಲ್ಲಿ ಮಾನ್ಸಲ್ ಎಂಬ ಹಾದಿಯಿದೆ. 1968ರಲ್ಲಿ ರೈಲು ನಿಂತ ಸುರಂಗಗಳಿಗೆ 2011ರಲ್ಲಿ ದೀಪ ಹಾಕಿ ಸೈಕಲ್ಲುಗಳನ್ನು ಬಿಟ್ಟರು.

ಏರಿ: ಅಂದರೆ, ಮೊದಲು ರೈಲು ಹಾಕಿ, ಬಳಿಕ ಅದನ್ನು ಕಿತ್ತು, ಕಿತ್ತುದಕ್ಕೆ ವ್ಯಸನಪಟ್ಟು, ಕಡೆಗೆ ಸೈಕಲ್ಲಿಗೆ ದಾರಿ ಮಾಡಿದರು! ಇಷ್ಟು ಸುತ್ತು ಸುತ್ತುವ ಪ್ರಾರಬ್ಧ ಹೊನ್ನಾಳಿಗಿಲ್ಲ, ಏಕೆಂದರೆ ಹೊನ್ನಾಳಿಗೆ ರೈಲೇ ಬರಲಿಲ್ಲ. ಶಿವಮೊಗ್ಗ ಹರಿಹರಗಳ ನಡುವಣ ರೈಲು ಬಹುಕಾಲದಿಂದ ಕಾಗದದ ಮೇಲೆ ಯಾವ ನಿಲ್ದಾಣದಲ್ಲಿಯೂ ನಿಲ್ಲದೆ ಓಡುತ್ತಿದೆ. ಅದು ನೆಲಕ್ಕಿಳಿದು, ನಷ್ಟಕ್ಕೆ ಬಿದ್ದು, ಮುಚ್ಚಿ, ಸೈಕಲ್ ಹಾದಿಯಾಗುವವರೆಗೆ ಕಾಯಬೇಕಾದರೆ ತಮ್ಮ ಮಿತ್ರರು ಆ ಏಳೇಳು ಜನ್ಮಗಳನ್ನೂ ಎತ್ತಬೇಕಾದೀತು.

ಪ್ರಶ್ನೆ: ಅಲ್ಲಿಯೂ ತಮ್ಮಂತಹ ಕಾಲುವೆಯ ಏರಿಗಳುಂಟು. ರೆಡಿಂಗಿನಿಂದ ಬಾತಿನವರೆಗೆ 1810ರಲ್ಲಿ ಪೂರ್ಣಗೊಂಡ ಕೆನೆಟ್–ಏವನ್ ಕಾಲುವೆಯ ದಂಡೆಯಲ್ಲಿ, ಅಂದು ಸರಕಿನ ದೋಣಿಗಳನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದ ಕುದುರೆಗಳು ನಡೆದ ಹಾದಿಯಲ್ಲಿಯೇ ಇಂದು ಸೈಕಲ್ ಸವಾರರು ಸಾಗುತ್ತಾರೆ.

ಏರಿ: (ಬಹಳ ಹೊತ್ತು ಸುಮ್ಮನಿದ್ದು) ಹಾಗಾದರೆ ಆಕೆ ನನ್ನ ಅಕ್ಕ. ಕುದುರೆಯ ಗೊರಸು ತುಳಿದ ಮೈ ಸೈಕಲ್ಲಿಗೆ ಹಸನಾಗಿರುತ್ತದೆ. ನನ್ನನ್ನು ಹಸನು ಮಾಡಿದ್ದು ಎಮ್ಮೆಗಳು.

ಪ್ರಶ್ನೆ: ಇನ್ನೊಂದು ಸಂಗತಿ. ಆ ಬ್ರಿಸ್ಟಲ್ಲಿನ ಸಂಘವೇ ಬೆಳೆದು ದೇಶದಾದ್ಯಂತ ಸೈಕಲ್ ಮಾರ್ಗಗಳ ಜಾಲವನ್ನು ಹೆಣೆಯಿತು. ಆದರೆ 2020ರಲ್ಲಿ, ಮೋಟಾರು ಹೆಚ್ಚಾಗಿ ಅಪಾಯಕರವೆನಿಸಿದ ರಸ್ತೆಗಳು ತನ್ನ ನಕ್ಷೆಯಲ್ಲಿರುವುದು ಉಚಿತವಲ್ಲವೆಂದು ಜಾಲದ ಸುಮಾರು ಕಾಲುಭಾಗವನ್ನು ತಾನೇ ಪಟ್ಟಿಯಿಂದ ತೆಗೆಯಿತು, ಇಲ್ಲವೆ ಬೇರೆ ವರ್ಗಕ್ಕೆ ಇಳಿಸಿತು.

ಏರಿ: ತಾನು ಮಾಡಿದ ದಾರಿಯನ್ನು ತಾನೇ ಪಟ್ಟಿಯಿಂದ ತೆಗೆಯಿತೆ! ಸ್ವಾಮಿ, ಇದನ್ನು ಪತ್ರಿಕೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚುಹಾಕಿಸಿ, ನಮ್ಮ ಕಡೆಯ ಗುತ್ತಿಗೆದಾರರ ಎದೆ ಒಡೆದೀತು. ಇಲ್ಲಿ ಮಾಡದ ದಾರಿಯೂ ಪಟ್ಟಿಯಲ್ಲಿರುತ್ತದೆ; ಅದರ ದುರಸ್ತಿಯೂ ಕಾಲಕಾಲಕ್ಕೆ ನಡೆಯುತ್ತದೆ.

ಪ್ರಶ್ನೆ: ತಮ್ಮ ಮೇಲೆ ಸೈಕಲ್ ತುಳಿಯುವವರು ಇಂದು ಯಾರು?

ಏರಿ: ಒಂದು ಕಾಲದಲ್ಲಿ ಎಲ್ಲರೂ. ಡೇರಿಗೆ ಹಾಲಿನ ಕ್ಯಾನು ಕಟ್ಟಿಕೊಂಡವರು, ಹುಲ್ಲಿನ ಹೊರೆಯಿಂದಾಗಿ ಸವಾರನೇ ಕಾಣದಂತಿದ್ದವರು. ಅವರೆಲ್ಲ ಈಗ ಎಕ್ಸೆಲ್ ಮೊಪೆಡ್ಡಿನವರಾದರು, ಸೌಡಿಯೂ ಸಹ. 2006-07ರಲ್ಲಿ ಸರ್ಕಾರದವರು ಎಂಟನೆಯ ತರಗತಿಯ ಬಡ ಹೆಣ್ಣುಮಕ್ಕಳಿಗೆ, ಬಳಿಕ ಗಂಡುಮಕ್ಕಳಿಗೂ, ಉಚಿತ ಸೈಕಲ್ ಕೊಡತೊಡಗಿದಾಗ ನನಗೆ ಎರಡನೆಯ ಯೌವನ ಬಂದಿತೆಂದೇ ತಿಳಿಯಿರಿ. ಬೆಳಗಿನ ಒಂಬತ್ತು ಗಂಟೆಗೆ ಒಂದೇ ಬಣ್ಣದ ಸೈಕಲ್ಲುಗಳ ಸಾಲು. ಮುಂದಿನವಳ ಚೈನು ಕಳಚಿದರೆ ಹಿಂದಿನವರೆಲ್ಲರೂ ಇಳಿದು, ಒಬ್ಬಳು ಹಿಂದಿನ ಗಾಲಿಯನ್ನೆತ್ತಿ ಹಿಡಿದು, ಇನ್ನೊಬ್ಬಳು ಪೆಡಲನ್ನು ಹಿಮ್ಮುಖವಾಗಿ ತಿರುಗಿಸಿ, ಮೂರನೆಯವಳು ಜಾಲಿಯ ಕಡ್ಡಿಯಿಂದ ಚೈನನ್ನು ಹಲ್ಲಿಗೆ ಕೂರಿಸಿ, ಕೈಯ ಮಸಿಯನ್ನು ಬಣವೆಯ ಹುಲ್ಲಿಗೆ ಒರಸಿ ಮತ್ತೆ ಹೊರಡುವರು. ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲಿಯೂ ಇಂತಹ ಸಹಕಾರವನ್ನು ಕಲಿಸುವುದನ್ನು ನಾನು ಕೇಳಿಲ್ಲ. ಕೋವಿಡ್ ಬಂದ ವರ್ಷ ಆ ಯೋಜನೆ ನಿಂತಿತು. ಅದೇ 2020ರ ಜೂನ್ 3ರಂದು ಅಟ್ಲಾಸ್ ಸೈಕಲ್ ಕಂಪೆನಿಯು ಸಾಹಿಬಾಬಾದಿನ ತನ್ನ ಕಾರ್ಖಾನೆಯಲ್ಲಿ ಉತ್ಪಾದನೆಯನ್ನು ನಿಲ್ಲಿಸಿತಂತೆ. ಅಂದು ವಿಶ್ವ ಸೈಕಲ್ ದಿನವಂತೆ. ವಿಧಿಯು ಪಂಚಾಂಗವನ್ನು ನೋಡುವುದಿಲ್ಲವೆಂದು ಯಾರು ಹೇಳಿದವರು?

ಪ್ರಶ್ನೆ: ಭಾನುವಾರಗಳಂದು ಪಟ್ಟಣದಿಂದ ಶಿರಸ್ತ್ರಾಣಧಾರಿಗಳು ಬರುವರೆಂದು ಕೇಳಿದ್ದೇನೆ.

ಏರಿ: ಬರುತ್ತಾರೆ. ಸೂಳೆಕೆರೆಯವರೆಗೆ ಹೋಗಿ ಬರುವೆವೆಂದು ಹೊರಟು, ಅರ್ಧದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದು ಹಿಂದಿರುಗುತ್ತಾರೆ. ಒಳ್ಳೆಯ ಜನ. ನನ್ನನ್ನು ‘ಅನ್ವೇಷಿಸಿದೆವು’ ಎಂದು ಪರಸ್ಪರ ಹೇಳಿಕೊಳ್ಳುವಾಗ ಪಕ್ಕದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡುತ್ತಾರೆ.

ಪ್ರಶ್ನೆ: ತಮ್ಮನ್ನು ಅಭಿವೃದ್ಧಿಪಡಿಸಿ ಟಾರು ಹಾಕಬೇಕೆಂಬ ಬೇಡಿಕೆಯುಂಟಲ್ಲ?

ಏರಿ: ಅದನ್ನು ನೆನೆದರೆ ನನಗೆ ನಿದ್ರೆ ಬಾರದು. ನಾನು ರಸ್ತೆಯಲ್ಲ ಸ್ವಾಮಿ, ನೀರಿಗೆ ಹಾಕಿದ ಮಣ್ಣಿನ ಗೋಡೆ. ಏಡಿ ಇಲಿಗಳು ಕೊರೆದ ಬಿಲಗಳನ್ನೂ, ಕಳ್ಳ ಪಂಪುಸೆಟ್ಟಿನವರು ರಾತ್ರಿ ಹೂತ ಪೈಪುಗಳನ್ನೂ ಹೊಟ್ಟೆಯಲ್ಲಿಟ್ಟುಕೊಂಡು, ಒಂದು ಮಗ್ಗುಲಲ್ಲಿ ತುಂಬಿದ ನೀರಿನ ಒತ್ತಡವನ್ನೂ ಇನ್ನೊಂದು ಮಗ್ಗುಲಲ್ಲಿ ತಗ್ಗಿನ ಗದ್ದೆಯನ್ನೂ ಇರಿಸಿಕೊಂಡು ನಿಂತಿರುವವಳ ನೆತ್ತಿಯ ಮೇಲೆ ಮರಳಿನ ಲಾರಿ ಓಡಿದರೆ ಒಂದು ದಿನ ಬಿರುಕು ಬಿಟ್ಟು ಒಡೆಯುವೆನು. ಒಡೆದರೆ ತೊಯ್ಯುವುದು ಮೇಲಿನವರ ಗದ್ದೆ, ಒಣಗುವುದು ಕೊನೆಭಾಗದವರ ಗದ್ದೆ. ಇದಿರಲಿ. ಟಾರು ಬಿದ್ದೊಡನೆ ವೇಗ ಬರುತ್ತದೆ, ತಡೆಗೋಡೆ ಬರುವುದಿಲ್ಲ. 2018ರ ನವೆಂಬರಿನಲ್ಲಿ ಮಂಡ್ಯ ಸೀಮೆಯ ಕನಗನಮರಡಿಯ ಬಳಿ ವಿಶ್ವೇಶ್ವರಯ್ಯ ನಾಲೆಗೆ ಬಸ್ಸು ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟ ಮಕ್ಕಳಿದ್ದರು. ಈ ವಿಷಯದಲ್ಲಿ ನಾನು ಹಾಸ್ಯವಾಡಲಾರೆ.

ಪ್ರಶ್ನೆ: ಹಾಗಾದರೆ ಇಂಗ್ಲೆಂಡಿನವರಂತೆ ಸೈಕಲ್ ಮಾತ್ರ ತೂರುವಷ್ಟು ಸಂದು ಬಿಟ್ಟು ಎರಡು ಕಂಬ ನೆಟ್ಟರೆ?

ಏರಿ: ತಮ್ಮ ಮಿತ್ರರು ಹೇಳುವುದು ಇದನ್ನೇ, ಮತ್ತು ಅವರು ಗದ್ದೆ ಮಾಡಿದವರಲ್ಲವೆಂಬುದು ತಿಳಿಯುವುದೂ ಇದರಿಂದಲೇ. ಸುಗ್ಗಿಯಲ್ಲಿ ಭತ್ತ ಕೊಯ್ಯುವ ಮಷೀನು ಗದ್ದೆಗಿಳಿಯುವುದು ನನ್ನ ಮೇಲಿಂದ. ತುಂಬಿದ ಟ್ರ್ಯಾಕ್ಟರು ಹೊರಡುವುದು ನನ್ನ ಮೇಲಿಂದ. ಅನ್ನದ ದಾರಿಗೆ ಕಂಬ ನೆಟ್ಟು ವಿಹಾರದ ದಾರಿ ಮಾಡಿದರೆ, ಆ ಕಂಬವನ್ನು ಮರುದಿನವೇ ಕಿತ್ತು ಯಾರದೋ ಕೊಟ್ಟಿಗೆಗೆ ಗೂಟ ಮಾಡುವರು, ಮಾಡಬೇಕಾದ್ದೂ ಅದೇ. ಮಳೆಗಾಲದ ಬೆಳೆಗೆ ಕೆಲವು ವಾರ, ಬೇಸಿಗೆಯ ಬೆಳೆಗೆ ಕೆಲವು ವಾರ ಟ್ರ್ಯಾಕ್ಟರು ಓಡಲಿ, ನಿಧಾನವಾಗಿ ಓಡಲಿ. ಉಳಿದ ತಿಂಗಳುಗಳಲ್ಲಿ ನಾನು ತಾನೇತಾನಾಗಿ ಸೈಕಲ್ ಮಾರ್ಗ. ಅದಕ್ಕೆ ಉದ್ಘಾಟನೆ ಬೇಕಿಲ್ಲ, ನಾಮಫಲಕ ಬೇಕಿಲ್ಲ. ಭದ್ರಾ ಅಣೆಯ ನೀರು ಪೂರ್ಣಮಟ್ಟದ 186 ಅಡಿ ಮುಟ್ಟಿತೋ ಇಲ್ಲವೋ ಎಂದು ಬೆಳಗಾಗೆದ್ದು ಪತ್ರಿಕೆ ನೋಡುವ ಈ ಸೀಮೆಯಲ್ಲಿ ಹೆದ್ದಾರಿಯ ಗದ್ದಲವಿಲ್ಲದೆ ಊರಿಂದೂರಿಗೆ ಕೊಂಡೊಯ್ಯುವ ಹಾದಿ ನಾನಿದ್ದೇನೆ. ಯಾರಿಗೂ ಮುಖ್ಯಳಲ್ಲದ ಕಾರಣ ಉಳಿದಿದ್ದೇನೆ.

ಪ್ರಶ್ನೆ: ಓದುಗರಿಗೂ ಅಧಿಕಾರಿವರ್ಗಕ್ಕೂ ತಮ್ಮ ಸಂದೇಶವೇನು?

ಏರಿ: ಸಂದೇಶ ಕೊಡುವಷ್ಟು ದೊಡ್ಡವಳಲ್ಲ, ಒಂದು ಅರಿಕೆಯುಂಟು. ಮುಂದಿನ ಅಂದಾಜುಪಟ್ಟಿಯಲ್ಲಿ ನನ್ನ ಹೆಸರಿನೆದುರು ಡಾಂಬರೀಕರಣವೆಂದು ಬರೆದಿದ್ದರೆ ದಯಮಾಡಿ ಅದನ್ನು ಹೊಡೆದುಹಾಕಿ, ಜಾಲಿ ಕಡಿಯುವುದು, ಗುಂಡಿಗೆ ಗರಸು ತುಂಬುವುದು, ನೀರಿನ ಮಗ್ಗುಲಿಗೆ ತಡೆಗಲ್ಲು ನೆಡುವುದು, ಇಷ್ಟನ್ನೇ ಬರೆಯಿರಿ. ನಿಲ್ಲಿಸಿದ ಸೈಕಲ್ ಯೋಜನೆಯನ್ನು ಮರಳಿ ಆರಂಭಿಸುವ ಮನಸ್ಸಾದರೆ ಮಕ್ಕಳಿಗೆ ಸೈಕಲ್ಲಿನ ಜೊತೆಗೆ ಈಜನ್ನೂ ಕಲಿಸಿರಿ. ಕೆಲಸವನ್ನು ನೀರು ಬಿಡುವ ಮುನ್ನವೇ ಮುಗಿಸಬೇಕು. ನೀರು ತುಂಬಿದ ಮೇಲೆ ಗರಸಿನ ಲಾರಿಯನ್ನು ನಾನು ತಾಳಲಾರೆ.