ಎಷ್ಟನೇ ಕ್ಲಾಸು ಪುಟ್ಟಿ?

ಮದುವೆ ಮನೆಯಲ್ಲಿ ಮಕ್ಕಳನ್ನು ಕಂಡರೆ ನಮ್ಮ ಜನಕ್ಕೆ ಹೊಳೆಯುವುದು ಎರಡೇ ಪ್ರಶ್ನೆ: ಹೆಸರೇನು, ಎಷ್ಟನೇ ಕ್ಲಾಸು. ಎರಡಕ್ಕೂ ಉತ್ತರ ಸಿಕ್ಕಿತೋ, ಪಂಕ್ತಿ ಹಾಕಿದರಾ ಅಂತ ಕತ್ತು ಊಟದ ಹಾಲಿನ ಕಡೆ ಹೊರಳುತ್ತದೆ. ನಮ್ಮಕ್ಕನ ಮಗಳ ಹತ್ತಿರ ಮಾತ್ರ ಈ ಆಟ ನಡೆಯುವುದಿಲ್ಲ. ಅವಳು ಸ್ಕೂಲಿಗೆ ಹೋಗದೆ ಮನೆಯಲ್ಲೇ ಕಲಿಯುವವಳು. “ಎಷ್ಟನೇ ಕ್ಲಾಸು ಪುಟ್ಟಿ?” ಅಂದರೆ, “ಯಾವುದರಲ್ಲಿ?” ಅಂತಾಳೆ.

ಅದು ತಲೆಹರಟೆ ಅಲ್ಲ, ನಿಜವಾದ ಅನುಮಾನ. ತೇಜಸ್ವಿಯವರ ‘ಕರ್ವಾಲೊ’ ಓದಿ ಮುಗಿಸಿ, ಹಾರುವ ಓತಿ ನೋಡಲೇಬೇಕು ಅಂತ ಮನೆಮಂದಿಯ ಪ್ರಾಣ ತಿಂದವಳು. ಓದಿನಲ್ಲಿ ಎಂಟನೇದು ಅನ್ನೋಣ. ದೋಸೆಗೆ ಉದ್ದು ನೆನೆಹಾಕುವಾಗ ಮುಕ್ಕಾಲು ಪಾವಿನಲ್ಲಿ ಅರ್ಧ ಎಷ್ಟು ಅಂತ ಥಟ್ಟನೆ ಹೇಳುತ್ತಾಳೆ, ಆರನೇದು. ಏಳರ ಮಗ್ಗಿ ಏಳೆಂಟ್ಲ ಹತ್ತಿರ ಬಂದು ಕೆಮ್ಮುತ್ತದೆ, ಮೂರನೇದು. ಇನ್ನು ಕೈಬರಹ. ಅವಳ ‘ಳ’ ಈ ಗೆರೆಯ ಮೇಲೆ ಹುಟ್ಟಿ ಮುಂದಿನ ಗೆರೆಯಲ್ಲಿ ಪ್ರಾಣ ಬಿಡುತ್ತದೆ, ಸೊನ್ನೆ. ಲೆಕ್ಕದ ಮನುಷ್ಯರಾದ ಭಾವ ಎಲ್ಲ ಕೂಡಿಸಿ ಸರಾಸರಿ ತೆಗೆದರು. ನಾಲ್ಕೂಕಾಲನೇ ಕ್ಲಾಸು ಬಂತು. ಆ ಕಾಲನ್ನು ಯಾವ ಬೆಂಚಿನಲ್ಲಿ ಕೂರಿಸುವುದು?

ಹಿಂದಿನ ಮೇಷ್ಟ್ರುಗಳಿಗೆ ಈ ತಲೆನೋವೇ ಇರಲಿಲ್ಲ. ಬಲಗೈ ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಅನ್ನುವರು. ಮುಟ್ಟಿದರೆ ಒಂದನೇ ಕ್ಲಾಸು, ಮುಟ್ಟದಿದ್ದರೆ ಬರುವ ವರ್ಷ ಬಾ. ಹುಟ್ಟಿದ ದಿನ ಅಪ್ಪನಿಗೂ ನೆನಪಿಲ್ಲವೇ? ಬರ್ಕೋ, ಜೂನ್ 1. ಹೀಗೆ ಊರಿಗೆ ಊರೇ ಒಂದೇ ದಿನ ಹುಟ್ಟಿ, ಸರ್ಕಾರಿ ಕೆಲಸ ಹಿಡಿದು, ಮೇ 31ಕ್ಕೆ ಸಾಲಾಗಿ ಹಾರ ಹಾಕಿಸಿಕೊಂಡು ರಿಟೈರ್ ಆಯಿತು.

ಈಗಿನ ಲೆಕ್ಕವೂ ಕಿವಿ ಬಿಟ್ಟರೆ ಅದೇ ಜೂನ್ 1. ಅಂದಿಗೆ ಆರು ತುಂಬಿದ್ದರೆ ಒಂದನೇ ಕ್ಲಾಸು ಎಂಬುದು ನಮ್ಮ ರಾಜ್ಯದ ನಿಯಮ (ಅಪ್ಪ ಅಮ್ಮಂದಿರ ಗಲಾಟೆಗೆ 2025ರಲ್ಲಿ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದರು, ಆ ಮಾತು ಬೇರೆ). ಅಂದರೆ ವಯಸ್ಸಿನಲ್ಲಿ ಐದು ಕಳೆದರೆ ಕ್ಲಾಸು. ನಾಳೆ ಮನಸ್ಸು ಬದಲಾಗಿ ಹುಡುಗಿ ಸ್ಕೂಲಿಗೆ ಹೊರಟಳು ಅನ್ನಿ, 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುವುದು ಇದನ್ನೇ: ವಯಸ್ಸಿಗೆ ತಕ್ಕ ಕ್ಲಾಸಿಗೆ ಸೇರಿಸಿಕೊಳ್ಳಿ, ಹಿಂದುಳಿದದ್ದನ್ನು ವಿಶೇಷ ತರಬೇತಿ ಕೊಟ್ಟು ಸರಿಮಾಡಿ. ಮಗ್ಗಿಯನ್ನು ಕಾಯ್ದೆ ಕೇಳುವುದಿಲ್ಲ.

ಸರ್ಟಿಫಿಕೇಟೇ ಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲೆ, ಅಂದರೆ ಎನ್‌ಐಒಎಸ್ ಇದೆ. ಅಲ್ಲಿ ಎ, ಬಿ, ಸಿ ಎಂದು ಮೂರು ಹಂತ. ಎ ಅಂದರೆ ಮೂರನೇ ಕ್ಲಾಸು, ಬಿ ಅಂದರೆ ಐದು, ಸಿ ಅಂದರೆ ಎಂಟು. ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ನಾಲ್ಕು, ಆರು, ಏಳರಲ್ಲಿ ಸ್ಟಾಪೇ ಇಲ್ಲ. ಹದಿನಾಲ್ಕು ತುಂಬಿದರೆ ನೇರ ಹತ್ತನೇ ಕ್ಲಾಸಿನ ಪರೀಕ್ಷೆಗೇ ಕಟ್ಟಬಹುದು.

ಈ ಹುಡುಗಿಯ ಕ್ಲಾಸು ಹುಡುಕಲು ಟಾರ್ಚು ಹಿಡಿದು ಹೊರಟವರೆಲ್ಲ ತಮ್ಮ ಮಕ್ಕಳ ಕ್ಲಾಸು ಪಕ್ಕಾ ಅಂದುಕೊಂಡಿರುವುದೇ ನನಗೆ ತಮಾಷೆ. ‘ಪ್ರಥಮ್’ ಸಂಸ್ಥೆಯವರು 2005ರಿಂದ ‘ಅಸರ್’ ಎಂಬ ಸಮೀಕ್ಷೆ ಮಾಡುತ್ತಾರೆ. ಹಳ್ಳಿಹಳ್ಳಿಗೆ ಹೋಗಿ, ಮಗುವಿನ ಕೈಗೆ ಎರಡನೇ ಕ್ಲಾಸಿನ ಮಟ್ಟದ ಪುಟ್ಟ ಕಥೆ ಕೊಟ್ಟು ಓದಿಸುತ್ತಾರೆ. ಐದನೇ ಕ್ಲಾಸಿನ ಹೆಚ್ಚುಕಡಿಮೆ ಅರ್ಧ ಮಕ್ಕಳು ಅಲ್ಲೇ ತಡವರಿಸುತ್ತಾರೆ. ಅವರನ್ನು ಯಾರೂ ‘ಯಾವುದರಲ್ಲಿ ಐದನೇದು?’ ಅಂತ ಕೇಳಿಲ್ಲ.

ನಮ್ಮಜ್ಜಿ ಮಾತ್ರ ಪ್ರತಿ ಜೂನ್ ತಿಂಗಳು ಮರಿಮೊಮ್ಮಗಳನ್ನು ತಾವೇ ಪಾಸು ಮಾಡುತ್ತಾರೆ. ಕೇಳಿದವರಿಗೆಲ್ಲ “ಐದನೇದು ಕಣ್ರೀ, ಫಸ್ಟ್ ರ‍್ಯಾಂಕು” ಅಂತಾರೆ. ಕ್ಲಾಸಿನಲ್ಲಿರುವುದು ಒಬ್ಬಳೇ, ರ‍್ಯಾಂಕಿಗೆ ಮೋಸವಿಲ್ಲ.

ಮೊನ್ನೆ ಬಡಾವಣೆಯಲ್ಲಿ ಚಿತ್ರಕಲೆ ಸ್ಪರ್ಧೆ. ಫಾರಂನಲ್ಲಿ ‘ತರಗತಿ’ ಅಂತಿದ್ದ ಕಡೆ ಅಕ್ಕ ‘ಮನೆ’ ಅಂತ ಬರೆದುಕೊಟ್ಟಳು. ಸಂಘಟಕರು ಫೋನು ಮಾಡಿದರು: “ಮೇಡಂ, ಮನೆ ಅಂದ್ರೆ ಎಲ್‌ಕೆಜಿಗಿಂತ ಮುಂಚೆ, ಅಲ್ವಾ?” ಅಕ್ಕ ಉತ್ತರ ಯೋಚಿಸುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಪುಟ್ಟಿ ಅಂಬೆಗಾಲು ಈಗಷ್ಟೇ ಬಿಟ್ಟವರ ನಡುವೆ ಕೂತು ಹಾರುವ ಓತಿ ಬರೆದು ಮೊದಲ ಬಹುಮಾನ ಹೊಡೆದಳು.