‘ಕರದ್ರ ಬರೂದಿಲ್ಲ, ಹಂಗಂತನ ಬರಕೋರಿ’

ಮುಧೋಳದ ನಾಯಿಗೆ ಈಗ ಶುಕ್ರದೆಸೆ. ಅಪಾರ್ಟ್‌ಮೆಂಟಿನವರು, ಫಾರ್ಮ್‌ಹೌಸಿನವರು ಕಾರು ತಂದು ಮರಿ ಒಯ್ಯುತ್ತಾರೆ. ಒಯ್ದ ಮೇಲೆ ಚಿಂತೆ ಶುರು: ಹೆಣ್ಣು ಮರಿಗೆ ‘ಕ್ಲಾಸಿಕ್’ ಆದ ಹೆಸರೊಂದು ಬೇಕು. ಹಳೆಯದಾಗಿರಬೇಕು, ಆದರೆ ಹಳತು ಅನ್ನಿಸಬಾರದು. ದೇಸಿ ಆಗಿರಬೇಕು, ಆದರೆ ಹಳ್ಳಿ ವಾಸನೆ ಹೊಡೆಯಬಾರದು. ಈ ಕುರಿತು ಸಂಬಂಧಪಟ್ಟವರನ್ನೇ ಕೇಳಿಬಿಡೋಣವೆಂದು ಮುಧೋಳ ತಾಲ್ಲೂಕಿನ ಕಬ್ಬಿನ ಹೊಲವೊಂದರ ಬದುವಿನಲ್ಲಿ, ಮೂರು ಸೂಲು ಕಂಡ ಹೆಣ್ಣುನಾಯಿಯೊಂದನ್ನು ನಮ್ಮ ಪ್ರತಿನಿಧಿ ಭೇಟಿಯಾದರು. ಉದ್ದ ಮೂತಿ, ಕಂದು ಮೈ, ಬೆನ್ನಿಗೆ ಹತ್ತಿದ ಹೊಟ್ಟೆ. (ಊಟ ಹಾಕಿಲ್ಲವೆಂದು ಯಾರೂ ದೂರು ಕೊಡಬೇಡಿ. ತಳಿಯ ಮೈಕಟ್ಟೇ ಹಾಗೆ.)

ಪ್ರ: ನಮಸ್ಕಾರ ಅಕ್ಕಾರ. ಮೊದಲು ನಿಮ್ಮ ಹೆಸರು?

ಉ: ನಮ್ಮ ಕುಲಕ್ಕ ಎರಡು ಹೆಸರು ಅದಾವ್ರಿ. ಒಂದು ಕೆನಲ್ ಕ್ಲಬ್ಬಿನ ದಫ್ತರದಾಗ ‘ಕಾರವಾನ್ ಹೌಂಡ್’, ಇನ್ನೊಂದು ಕ್ಲಬ್ಬಿನ ದಫ್ತರದಾಗ ‘ಮುಧೋಳ ಹೌಂಡ್’. ನನಗ ಅಂತ ಒಂದೂ ಇಲ್ಲ. ಕುಲಕ್ಕ ಎರಡಾದ ಮ್ಯಾಲ ಸಾಕು ಅನ್ನಿಸಿರಬೇಕು.

ಪ್ರ: ಇಷ್ಟು ಹೆಸರುವಾಸಿ ತಳಿಯವರಿಗೆ ಹೆಸರಿಲ್ಲ ಅಂದರೆ ಹೇಗೆ?

ಉ: ವಾಸಿ ಐತಿ, ಹೆಸರು ಇಲ್ಲ. ನಮ್ಮ ಮಾಲೋಜಿರಾವ್ ಘೋರ್ಪಡೆ ಮಹಾರಾಜರು ಇಂಗ್ಲೆಂಡಿನ ಐದನೇ ಜಾರ್ಜ್ ದೊರಿಗೆ ಒಂದು ಜೋಡಿ ಕಾಣಿಕಿ ಕೊಟ್ರು. ಕೊಟ್ಟವರ ಹೆಸರು ನಿಮಗ ಗೊತ್ತೈತಿ, ತಗೊಂಡವರದೂ ಗೊತ್ತೈತಿ. ಹಡಗ ಹತ್ತಿ ಹ್ವಾದ ಆ ಜೋಡಿ ಹೆಸರು ಹೇಳ್ರಿ ನೋಡೋಣು?

ಪ್ರ: ...

ಉ: ಇರಲಿ ಬಿಡ್ರಿ. ಮತ್ತೊಂದು ಮಜಾ ಕೇಳ್ರಿ. ಘೋರ್ಪಡೆ ಅನ್ನೂ ಹೆಸರು ಬಂದದ್ದು ಉಡದಿಂದ. ಉಡಕ್ಕ ಹಗ್ಗ ಕಟ್ಟಿ ಕೋಟಿ ಹತ್ತಿದ್ರಂತ, ಅದಕ್ಕ ಮನೆತನಕ್ಕ ಅದರ ಹೆಸರು. ಒಮ್ಮೆ ಗ್ವಾಡಿ ಹಿಡಕೊಂಡಿದ್ದಕ್ಕ ಉಡದ ಹೆಸರು ರಾಜರಿಗೆ ಆತು. ದಿನಾ ಬಾಗಲಾ ಕಾಯೂ ನಮಗ ರಾಜರ ಹೆಸರು ಹೋಗಲಿ, ನಮ್ಮದ ಒಂದು ಇರಲಿಲ್ಲ.

ಪ್ರ: ಆದರೂ ಸರ್ಕಾರ ಗೌರವ ಕೊಟ್ಟಿದೆಯಲ್ಲ?

ಉ: ಕೊಟ್ಟೈತ್ರಿ, ಸುಳ್ಳ ಯಾಕ ಹೇಳ್ಲಿ. 2005ರಾಗ ಐದು ರೂಪಾಯಿ ಅಂಚೆ ಚೀಟಿ ಮಾಡಿದ್ರು. ನಾವು ಮಂದೀನ್ನ ನೆಕ್ಕೂದು ರೂಢಿ, ಆ ವರ್ಷ ಮಂದಿ ನಮ್ಮನ್ನ ನೆಕ್ಕಿದ್ರು. ತಿಮ್ಮಾಪುರದಾಗ ನಮ್ಮ ಸಲುವಾಗಿ ಸಂಶೋಧನಾ ಕೇಂದ್ರ ಐತಿ. 2016ರಾಗ ನಮ್ಮ ಮರಿಗಳು ಮೀರತ್‌ಗೆ ಹೋಗಿ ಸೇನಾದಾಗ ತರಬೇತಿ ತಗೊಂಡ್ವು. 2021ರಾಗ ವಾಯುಪಡೆಯವರು ರನ್‌ವೇ ಮ್ಯಾಲಿನ ಹಕ್ಕಿ ಓಡಸಾಕ ನಾಕು ಮರಿ ಒಯ್ದ್ರು. ಮರುವರ್ಷ ಪ್ರಧಾನಿಯವರ ಭದ್ರತಾ ಪಡೆಯವರೂ ಬಂದು ಎರಡು ಒಯ್ದ್ರು. ಹಿಂಗ ಲೆಕ್ಕ ಬರಿತಾರ ನೋಡ್ರಿ: ನಾಕು, ಎರಡು. ಗ್ಯಾಸ್ ಸಿಲಿಂಡರ್ ಬರದಂಗ.

ಪ್ರ: 2018ರ ಮೇ ತಿಂಗಳಲ್ಲಿ ಜಮಖಂಡಿಯ ಚುನಾವಣಾ ಸಭೆಯಲ್ಲಿ ಪ್ರಧಾನಿಯವರೇ ನಿಮ್ಮ ಪ್ರಸ್ತಾಪ ಮಾಡಿದ್ದರು. ದೇಶಭಕ್ತಿಯನ್ನು ಮುಧೋಳದ ನಾಯಿಗಳಿಂದಲಾದರೂ ಕಲಿಯಿರಿ ಎಂದು ಎದುರು ಪಕ್ಷದವರಿಗೆ ಹೇಳಿದರು.

ಉ: ಹೌದ್ರಿ. ಹೇಳಿದವರಿಗೆ ಚಪ್ಪಾಳೆ ಬಿತ್ತು, ಹೇಳಿಸಿಕೊಂಡವರಿಗೆ ಸಿಟ್ಟು ಬಂತು. ನಾವು ಎರಡೂ ಕಡೆ ಬಾಲಾ ಅಲ್ಲಾಡಸೂ ಮಂದಿ. ವೋಟು ಹಾಕೂಣಂದ್ರ ಮತದಾರರ ಪಟ್ಟಿಯಾಗ ಬರಸಾಕ ಹೆಸರು ಬೇಕಲ್ರೀ. ಮುಂದ 2020ರ ಆಗಸ್ಟಿನಾಗ ರೇಡಿಯೋದ ‘ಮನದ ಮಾತು’ ಒಳಗೂ ನಮ್ಮ ಸುದ್ದಿ ಬಂತು, ಸಾಕೂದಾದ್ರ ದೇಸಿ ನಾಯಿ ಸಾಕ್ರಿ ಅಂತ. ಅದ ಮಾತಿನಾಗ ಸೇನಾದ ಪ್ರಶಂಸಾ ಪತ್ರ ಪಡದ ಎರಡು ನಾಯಿ ಹೆಸರು ಹಿಡದು ಹೊಗಳಿದ್ರು: ಸೋಫಿ, ವಿದಾ. ಒಂದು ಸ್ಪ್ಯಾನಿಯಲ್, ಇನ್ನೊಂದು ಲ್ಯಾಬ್ರಡಾರ್. ಹೊರಗಿನವರಿಗೆ ಹೆಸರು ಹಿಡದು ಕರದ್ರು, ಮನಿ ಮಕ್ಕಳಿಗೆ ಊರ ಹೆಸರು ಸಾಕಾತು.

ಪ್ರ: ಈಗ ಮರಿ ಒಯ್ಯುವವರು ಹೆಸರಿಡುತ್ತಾರಲ್ಲ?

ಉ: ಇಡ್ತಾರ. ಫೋನಿನಾಗ ಹುಡುಕಿ ಇಡ್ತಾರ. ಲೂನಾ, ಝೋಯಿ, ಬೆಲ್ಲಾ. ‘ನಮ್ಮ ಮಣ್ಣಿನ ತಳಿ, ನಮ್ಮ ಹೆಮ್ಮೆ’ ಅಂತ ಫೋಟೋದ ಕೆಳಗ ಬರದು, ‘ಬೆಲ್ಲಾ, ಕಮ್ ಹಿಯರ್’ ಅಂತಾರ. ಬೆಲ್ಲಾ ಅಂದವರು ಆಕೀನ್ನ ಕರಕೊಂಡು ಮಹಾಲಿಂಗಪುರದ ಪ್ಯಾಟಿಗೆ ಹೋಗಿದ್ರು. ನಾಕು ಮಂದಿ ದಲಾಲರು ಓಡಿಬಂದು ‘ಎಷ್ಟು ಪೆಂಟಿ ಅದಾವ್ರಿ?’ ಅಂದ್ರು. ಬನಹಟ್ಟಿಯ ಮಗ್ಗದವರೊಬ್ಬರು ನನ್ನ ಎರಡನೇ ಸೂಲಿನ ಮರಿ ಒಯ್ದು ಏಂಜಲೀನಾ ಅಂತ ಇಟ್ರು. ಪವರ್‌ಲೂಮಿನ ಖಟಖಟದಾಗ ‘ಏಂ’ ಅನ್ನೂದರಾಗ ಕೂಸು ಓಣಿ ದಾಟಿರತೈತಿ. ಈಗ ‘ಏಯ್’ ಅಂತಾರಂತ. ಅದ ಚಲೋ ಹೆಸರು.

ಪ್ರ: ಅಂದರೆ ಹೆಸರು ಚಿಕ್ಕದಿರಬೇಕು?

ಉ: ನಾ ಹೇಳಿದ್ದಲ್ಲ. ಮಾಲಕರ ಮಗಳು ಜಮಖಂಡಿ ಕಾಲೇಜಿನಾಗ ಇತಿಹಾಸ ಓದ್ತಾಳ, ಸೆಮಿನಾರಿನ ತಾಲೀಮು ನನ್ನ ಮುಂದ ಮಾಡ್ತಾಳ. ನಡುವ ಎದ್ದು ಹೋಗದ ಕೇಳೂ ಪ್ರಾಣಿ ನಾನೊಬ್ಬಾಕಿನ. ಗ್ರೀಸಿನ ಕ್ಸೆನೊಫೋನ್ ಎರಡು ಸಾವಿರ ವರ್ಷದ ಹಿಂದನ ಹೇಳ್ಯಾನಂತ, ಬ್ಯಾಟಿ ನಾಯಿಗೆ ಕರ್ಯಾಕ ಸಸಾರ ಆಗೂವಂಥ ಗಿಡ್ಡ ಹೆಸರು ಇಡ್ರಿ ಅಂತ. ಅವನ ನಂತರ ಅರಿಯನ್ ಅಂತ ಒಬ್ಬ. ಅಲೆಗ್ಸಾಂಡರನ ದಂಡಯಾತ್ರಿ ಬರದವನ ಅವ. ನನ್ನಂಗ ಕಣ್ಣಿನ ಮ್ಯಾಲ ಬ್ಯಾಟಿ ಆಡೂ ಒಂದು ಹೆಣ್ಣುನಾಯಿ ಅವನ ಮನ್ಯಾಗಿತ್ತು. ಹೆಸರು ಹೊರ್ಮೆ. ಮುಂದಿನವರಿಗೂ ಗೊತ್ತಿರಲಿ ಅಂತ ಪುಸ್ತಕದಾಗ ಬರದಿಟ್ಟ. ನೋಡ್ರಿ, ರಾಜರ ಕಥಿ ಬರದ ಕೈಲೆ ನಾಯಿ ಹೆಸರೂ ಬರದ. ಬೆರಳೇನು ಸವೀಲಿಲ್ಲ.

ಪ್ರ: ಚಿಕ್ಕ ಹೆಸರಿಟ್ಟು ಕರೆದರೆ ನೀವು ಬರುತ್ತೀರಾ?

ಉ: ಮೊಲ ಕಂಡಾಗ? ನಮ್ಮಪ್ಪನ ಹೆಸರು ಕರದ್ರೂ ಬರೂದಿಲ್ಲ. ನಮಗ ಕಣ್ಣು ಮುಂದ, ಕಿವಿ ಹಿಂದ. ಅಲ್ಲ, ತಡೀರಿ, ಮೊಲ ಅಂದದ್ದು ಅಳಸ್ರಿ. ಅರಣ್ಯ ಇಲಾಖೆಯವರು ಓದ್ತಾರ. 1972ರ ವನ್ಯಜೀವಿ ಕಾಯ್ದೆ ಐತಿ. ‘ಚೆಂಡು’ ಅಂತ ಹಾಕ್ರಿ.

ಪ್ರ: ಹಾಕೋಣ. ನಮ್ಮ ಪರಂಪರೆಯಲ್ಲೇ ‘ಕ್ಲಾಸಿಕ್’ ಹೆಸರು ಯಾವುದಿದೆ?

ಉ: ಸರಮಾ. ಅದಕ್ಕಿಂತ ಹಳೇದು ಎಲ್ಲಿಂದ ತರ್ತೀರಿ? ಋಗ್ವೇದದಾಕಿ. ಪಣಿಗಳು ಮುಚ್ಚಿಟ್ಟ ಆಕಳ ಹಿಂಡು ಹುಡುಕಾಕ ಇಂದ್ರ ಕಳಿಸಿದ್ದು ಈಕೀನ್ನ. ‘ನಮ್ಮ ಜೋಡಿ ಇರು, ಪಾಲು ಕೊಡ್ತೀವಿ’ ಅಂದ್ರು, ಈಕಿ ಒಲ್ಲೆ ಅಂದ್ಲು. ಮಹಾಭಾರತದ ಆದಿಪರ್ವದಾಗೂ ಬರ್ತಾಳ. ಜನಮೇಜಯನ ಯಾಗದ ಜಾಗಕ್ಕ ಈಕಿ ಮಗ ಹೋಗಿದ್ದ. ಹವಿಸ್ಸು ನೆಕ್ಕಿಲ್ಲ, ನೋಡೂ ಇಲ್ಲ, ಸುಮ್ಮಸುಮ್ಮನ ರಾಜನ ತಮ್ಮಂದಿರು ಬಡದು ಕಳಿಸಿದ್ರು. ತಾಯಿ ಹೋಗಿ ನೆಟ್ಟಗ ಕೇಳಿದ್ಲು, ಯಾಕ ಹೊಡದ್ರಿ? ಯಾರೂ ತುಟಿ ಬಿಚ್ಚಲಿಲ್ಲ. ಶಾಪ ಕೊಟ್ಟು ಬಂದ್ಲು. ನಾಯಿ ಬೊಗಳಿದರ ದೇವಲೋಕ ಹಾಳೇನು ಅಂತೀರಿ. ಆಕಿ ದೇವಲೋಕದಾಕಿ, ಹೆದರಿದ್ದು ಅರಮನಿ.

ಪ್ರ: ಚೆನ್ನಾಗಿದೆ. ಆದರೆ ಅಪಾರ್ಟ್‌ಮೆಂಟಿನಲ್ಲಿ ಅಂಥ ಹೆಸರು...

ಉ: ಭಾಳ ಪ್ರಶ್ನೆ ಕೇಳೂ ಹೆಣ್ಣಿನ ಹೆಸರು ಅಂತ ಅಂಜಿಕಿ. ತಿಳೀತು. ಹಂಗಿದ್ರ ಕಾಳಿ ಅಂತ ಇಡ್ರಿ. ಮಂಡ್ಯ ಜಿಲ್ಲಾದ ಆತಕೂರಿನ ಕಲ್ಲಿನ ಮ್ಯಾಲಿನ ಹೆಸರು. ತಕ್ಕೋಲದ ಯುದ್ಧದಾಗ ಶೌರ್ಯ ತೋರಿಸಿದ ಮಣಲೇರನಿಗೆ ಏನು ಬೇಕು ಕೇಳು ಅಂದ್ರ, ಊರು ಕೇಳಲಿಲ್ಲ, ಬಂಗಾರ ಕೇಳಲಿಲ್ಲ, ಕಾಳಿ ಅನ್ನೂ ಬ್ಯಾಟಿ ನಾಯಿ ಕೊಡ್ರಿ ಅಂದ. ಅದು ಕಾಡಹಂದಿ ಕೂಡ ಕಾದಾಡಿತು, ಎರಡೂ ಸತ್ವು. ಗುಡಿ ಮುಂದ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ರು. ಆ ಕಲ್ಲು ಪೂಜಿ ಮಾಡದ ಉಂಡ ಗುಡಿಯ ಗೊರವನಿಗೆ ನಾಯಿ ಮಾಡಿದ ಪಾಪ ತಗಲಲಿ ಅಂತನೂ ಬರಸಿದ್ರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನಾಗ ಐತಿ.

ಪ್ರ: ಕಾಳಿ ಅಂತ ಇವತ್ತು ಇಡಬಹುದಾ?

ಉ: ಇಟ್ಟು ನೋಡ್ರಿ. ಮುಂಜಾನೆ ಹೆಸರಿಟ್ರ ಸಂಜೀಕ ಟಿವಿಯವರು ಬರ್ತಾರ. ಸಾವಿರ ವರ್ಷದ ಹಿಂದ ಗುಡಿ ಮುಂದ ನಿಂತ ಹೆಸರು ಇವತ್ತು ಗೇಟಿನ ಮುಂದ ನಿಂದರಾಕ ಬರೂದಿಲ್ಲ.

ಪ್ರ: ಮುಧೋಳದ್ದೇ ಯಾವುದಾದರೂ?

ಉ: ಆತಕೂರಿನ ಶಾಸನದ ಕಾಲಕ್ಕನ, 949ರಾಗ, ಇಲ್ಲಿ ಕವಿ ರನ್ನ ಹುಟ್ಟಿದ. ಬಳೆಗಾರರ ಮನಿ ಹುಡುಗ. ಮಗಳಿಗೆ ಅತ್ತಿಮಬ್ಬೆ ಅಂತ ಹೆಸರಿಟ್ಟ, ತನ್ನನ್ನ ಸಾಕಿದ ದಾನಚಿಂತಾಮಣಿದು. ಆಶ್ರಯ ಕೊಟ್ಟವರನ್ನ ನೆನಸೂ ಪದ್ಧತಿ ಅದು. ನಮ್ಮ ಮಾಲಕರೂ ಅದನ್ನ ಹಿಡದ್ರ ಕಬ್ಬಿನ ಕಾರ್ಖಾನಿ ಹೆಸರ ಇಡಬೇಕು. ಬಿಲ್ಲು ತಡ ಆದ ವರ್ಷ ಹುಟ್ಟಿದ ಮರೀಗೆ ‘ಬಾಕಿ’ ಅಂತ ಇಡ್ತೀನಿ ಅಂದಿದ್ರು. ಎರಡಕ್ಷರ, ಕರ್ಯಾಕ ಸಸಾರ, ಕ್ಸೆನೊಫೋನನೂ ಒಪ್ಪತಿದ್ದ. ಬ್ಯಾಂಕಿನವರು ಮನಿಗೆ ಬಂದಾಗ ಕರದ್ರ ಕಷ್ಟ ಅಂತ ಬಿಟ್ರು.

ಪ್ರ: ಹಾಗಾದರೆ ಮನೆಯವರು ನಿಮ್ಮನ್ನು ಏನೆಂದು ಕರೆಯುತ್ತಾರೆ?

ಉ: ‘ಇಕಿ’. ‘ಇಕೀಗೆ ರೊಟ್ಟಿ ಹಾಕ್ರಿ’, ‘ಇಕಿ ಎಲ್ಲಿ ಹ್ವಾದ್ಲು’. ಮಾಲಕರು ಹೆಂಡ್ತಿಗೂ ಹಂಗ ಅಂತಾರ. ಬದುವಿನ ಮ್ಯಾಲ ನಿಂತು ‘ಏ ಇಕಿನ’ ಅಂದ್ರ ನಾವಿಬ್ಬರೂ ಹೊಳ್ಳಿ ನೋಡ್ತೀವಿ. ನೀವು ಬಂದಾಗಿಂದ ನನ್ನ ಹೆಸರು ಹುಡುಕಾಕ ಹತ್ತೀರಿ. ಎರಡು ಸಲ ಚಾ ತಂದು ಕೊಟ್ಲಲ್ಲ, ಆಕಿ ಹೆಸರು ಕೇಳೀರೇನು?

ಪ್ರ: ಕೊನೆಯ ಪ್ರಶ್ನೆ. ಓದುಗರಿಗೆ ಏನು ಹೇಳುತ್ತೀರಿ?

ಉ: ಜಾಣರದೀರಿ, ಮಾತು ಹೊಳ್ಳಿಸಿದ್ರಿ. ಹೆಸರು ಏನರ ಇಡವಲ್ರ್ಯಾಕ, ಬಾಲ್ಕನಿಯಾಗ ಕಟ್ಟಬ್ಯಾಡ್ರಿ ಅಂತ ಹೇಳ್ರಿ. ಓಡಾಕ ಜಾಗ ಬೇಕು ನಮಗ. ಇದೊಂದನ್ನ ದಪ್ಪ ಅಕ್ಷರದಾಗ ಹಾಕ್ರಿ.

ಪ್ರ: ಖಂಡಿತ ಹಾಕುತ್ತೇವೆ ಅಕ್ಕಾರ, ಪುಟದಲ್ಲಿ ಜಾಗ ಉಳಿದರೆ.